ಉಳಿದ ಗಾಳಿ

ಬಹರೈನಿನ ಹಿದ್ದ್ ಹಡಗುಕಟ್ಟೆಯಲ್ಲಿ ಬೆಳಿಗ್ಗೆ ಏಳಕ್ಕೇ
ಕಬ್ಬಿಣ ಕೈ ಸುಡುತ್ತದೆ.
ಇದಿನಬ್ಬ ಗಾಳಿಪೈಪನ್ನು ತೊಡೆಯ ಮೇಲೆ ಹಾಕಿಕೊಂಡು
ಮಗುವಿನ ತಲೆಯಲ್ಲಿ ಹೇನು ನೋಡುವ ಹಾಗೆ
ಬಿರುಕು ನೋಡುತ್ತಾನೆ.
ಜೋಡಣೆಗೆ ಪಿನ್ನು, ಪಿನ್ನಿನ ಮೇಲೂ ಒಂದು ತಂತಿ.
"ಕಳಚಿಕೊಂಡರೆ ಇದು ಹಾವಲ್ಲ ಮಾರಾಯ,
ಹಾವು ಒಮ್ಮೆ ಕಚ್ಚಿ ಹೋಗ್ತದೆ."

ಗುರುವಾರ ಸಂಜೆ. ರೆಪ್ಪೆಯ ಮೇಲೂ ತುಕ್ಕಿನ ಹುಡಿ.
ವಿಡಿಯೋ ಕಾಲಿನಲ್ಲಿ ಮಗಳು ಕಾಯುತ್ತಿರುತ್ತಾಳೆ.
ಅಂಗಿ ಕೊಡವಲು ಗಾಳಿಯ ಮೂತಿ ಎದೆಗೆ ಹಿಡಿದೆ,
ಕೈಗೆ ಏಟು ಬಿತ್ತು.
"ಎಂತ, ದೀಪ ಆರಿಸುವ ಗಾಳಿಯಾ ಇದು?
ಚರ್ಮದೊಳಗೆ ಹೊಕ್ಕರೆ ರಕ್ತದಲ್ಲಿ ದಾರಿ ಮಾಡ್ತದೆ."
ಹಿಡಿಸೂಡಿ ಕೊಟ್ಟ.

ವಾಲ್ವು ಮುಚ್ಚಿ ಹೊರಟವನನ್ನು ಮತ್ತೆ ಕರೆದ.
"ಮುಚ್ಚಿದ್ದು ಸರಿ. ಪೈಪಿನಲ್ಲಿ ಉಳಿದದ್ದು?"
ಕುದುರೆ ಒತ್ತಿದೆ.
ತುಕ್ಕು ಕೆರೆಯುವ ಗನ್ನು ಎರಡು ಸಲ ಕೆಮ್ಮಿ
ತಣ್ಣಗಾಯಿತು.
"ಈಗ ಕಳಚು."

ರಾತ್ರಿ ಕ್ಯಾಂಪಿನಲ್ಲಿ
ಚಹಾ ಲೋಟ ಹಿಡಿದ ಬೆರಳು ಇನ್ನೂ ಗುಂಯ್ಗುಡುತ್ತಿತ್ತು.
"ಇಲ್ಲಿ ಎಲ್ಲ ಆರಾಮ" ಎಂದೆ ಫೋನಿಗೆ,
ಮುಚ್ಚಿಟ್ಟೆ.

ಪಕ್ಕದ ಮಂಚದಿಂದ ಇದಿನಬ್ಬ ನೋಡಿದ.
ಏನೂ ಕೇಳಲಿಲ್ಲ.
ಕಾಲು ಮಡಚಿ,
ಕೂರಲು ಜಾಗ ಮಾಡಿದ.