ಬರೆ

ದಿವೇ ಘಾಟಿನ ನೆತ್ತಿಯ ಧಾಬಾಕ್ಕೆ ಒಂದು ಹುಲಿ ಬೇಕಿತ್ತು.
ರಸ್ತೆ ಕಡೆಯ ಗೋಡೆ, ಹನ್ನೆರಡು ಅಡಿ ಉದ್ದ.
"ಬಾಯಿ ತೆರೆದಿರಲಿ," ಅಂದ ಝೇಂಡೆ,
"ಲಾರಿಯವರು ಹೆದರಿಯಾದರೂ ಬ್ರೇಕು ಒತ್ತಲಿ."
ಮೊಬೈಲಿನಲ್ಲಿ ಒಂದು ಹುಲಿ ತೋರಿಸಿ, ನಾನು ನೋಡುವಷ್ಟರಲ್ಲಿ
ಯಾರದೋ ಫೋನು ಬಂದು ಹುಲಿ ಹೋಯಿತು.

ನಾನು ಹುಲಿ ಕಂಡವನಲ್ಲ.
ಮೂವತ್ತು ವರ್ಷ ಫುರಸುಂಗಿಯ ಶೆಡ್ಡಿನಲ್ಲಿ
ಲಾರಿಗಳ ಬೆನ್ನಿಗೆ ಹದ್ದು, ಕಮಲ, ಕರು ಕೂಡಿದ ಹಸು,
ಯಾರೋ ಬರೆದದ್ದನ್ನು ನೋಡಿ ಯಾರೋ ಬರೆದದ್ದನ್ನು
ನೋಡಿ ಬರೆದವನು.
ಸ್ಟಿಕರು ಬಂದ ಮೇಲೆ ಅದೂ ಇಲ್ಲ.

ಕಂಡದ್ದು ಒಂದೇ.
ಎಂಟು ವರ್ಷದ ಹಿಂದೆ, ಚಳಿ, ಸಾಸವಡದಿಂದ ಬರುವಾಗ
ಪೆಟ್ರೋಲು ತೀರಿ ಮೊಪೆಡ್ಡು ತಳ್ಳುತ್ತಿದ್ದೆ.
ಇಳಿಜಾರು ಸಿಕ್ಕರೆ ಸಾಕು, ಪುಣೆ ತಾನೇ ಎಳೆದುಕೊಳ್ಳುತ್ತದೆ.
ಕೋಳಿ ಫಾರಮ್ಮಿನವರು ಸತ್ತ ಕೋಳಿ ಚೆಲ್ಲುವ ತಗ್ಗಿನ ಹತ್ತಿರ
ಮೊದಲು ಸದ್ದು: ಒಣ ಕಟ್ಟಿಗೆ ಮುರಿದಂತೆ,
ಅವಸರವೇ ಇಲ್ಲದೆ.
ಆಮೇಲೆ ಒಂದು ಲಾರಿ ತಿರುಗಿತು.
ಅದರ ಬೆಳಕು ಎಷ್ಟು ಹೊತ್ತು ಇತ್ತೋ ಅಷ್ಟು ಹೊತ್ತು
ಕತ್ತೆಕಿರುಬ.

ಮುಂದೆ ಎತ್ತರ, ಹಿಂದೆ ತಗ್ಗು,
ಜಾಕು ಹಚ್ಚಿ ಮುಂದಿನ ಗಾಲಿ ಎತ್ತಿದ ಟೆಂಪೋ ಹಾಗೆ.
ಮೈಮೇಲೆ ಬರೆ; ಹುಲಿಯದರಷ್ಟು ಖಚಿತವಲ್ಲ,
ಬ್ರಷ್ಷು ಒರೆಸಿದ ಅರಿವೆಯ ಮೇಲೆ ಉಳಿಯುವಂಥದ್ದು.
ಅದು ನನ್ನನ್ನು ನೋಡಿತು ಅನ್ನಲಾರೆ.
ನಾನಿದ್ದ ಕಡೆ ನೋಡಿತು.

ಅದನ್ನೇ ಶುರು ಮಾಡಿದೆ.
ಕಣ್ಣು ಮುಚ್ಚಿದರೆ ಮೊದಲು ಬರುವುದು
ಆ ಲಾರಿಯ ಹಿಂಭಾಗದ ಕಮಲ, ಹಾಳಾದ್ದು, ನಾನೇ ಬರೆದದ್ದು.
ಅದನ್ನು ಸರಿಸಿ, ಹಿಂದೆ ಹುಡುಕಬೇಕು.
ಕಿವಿ ಬರೆದೆ, ಅಳಿಸಿದೆ. ಇಷ್ಟು ದೊಡ್ಡದಿತ್ತೇ?
ಆ ಸದ್ದನ್ನು ಎಲ್ಲಿ ಹಚ್ಚಲಿ?
ದವಡೆಗೆ ಇನ್ನೊಂದು ಕೋಟು ಕೊಟ್ಟೆ.

ಬುತ್ತಿ ತಂದ ನೀಲವ್ವ ಸೆರಗು ಬಾಯಿಗೊತ್ತಿ ನಕ್ಕಳು:
"ಹುಲಿ ನೋಡಿ ನರಿ ಬರೆ ಹಾಕ್ಕೊಂಡಂಗ ಆತಲ್ರೀ."
ಬರೆಯುವ ಕೈಯ ಮಣಿಕಟ್ಟಿನ ಮೇಲೆ
ಆರನೇ ವಯಸ್ಸಿನಲ್ಲಿ ಕಾಮಾಲೆಗೆ ಅವ್ವ ಹಾಕಿಸಿದ ಬರೆ.
ಕಾಸಿದ ತಂತಿ ನೆನಪಿಲ್ಲ. ಅವ್ವ ಮುಖ ತಿರುಗಿಸಿದ್ದು ನೆನಪಿದೆ.
ನೆನಪು ಹೀಗೆಯೇ,
ಕೇಳಿದ್ದೊಂದು, ಕೊಡುವುದೊಂದು.

ಮೂರನೇ ದಿನ ಕುರಿ ಹೊಡೆದುಕೊಂಡು ಬಂದ ಧನಗರ ಮುದುಕ,
ಠಕಾಜಿಯಂತೆ ಹೆಸರು, ಗೋಡೆಯ ಮುಂದೆ ನಿಂತ.
ಕುರಿಗಳು ರಸ್ತೆ ತುಂಬಿದವು, ಹಾರ್ನುಗಳು ಬೈದವು.
"ಹಿಂಗಾಲು," ಅಂದ, "ಎಡಗಡೆಯದು. ಕುಂಟಿ. ಗೊತ್ತು ನನಗೆ.
ನನ್ನ ಎರಡು ಮರಿ ತಿಂದವಳು.
ಹೋದ ವರ್ಷ ಇಲ್ಲೇ ಕೆಳಗೆ ಟ್ಯಾಂಕರಿಗೆ ಸಿಕ್ಕಳು."

ಅದು ನನ್ನ ತಪ್ಪು.
ಕಾಲು ಯಾಕೋ ಸರಿ ಕೂಡಲಿಲ್ಲವೆಂದು
ನಾಳೆ ತಿದ್ದಲು ಬಿಟ್ಟಿದ್ದೆ.
ಕುಂಟಿದ್ದು ನಾನು ಕಂಡೇ ಇಲ್ಲ. ಕೈ ಕಂಡಿತ್ತೋ,
ಇದು ಅದೇ ಅಲ್ಲವೋ, ಮುದುಕನಿಗೆ ಬೇಕಾದದ್ದು ಕಂಡಿತೋ!
ತಿದ್ದಲಿಲ್ಲ.

ಸಂಜೆ ಝೇಂಡೆ ಬಂದ. "ಇದೇನು? ನಾಯಿಯೋ ಕತ್ತೆಯೋ?"
ನಮ್ಮ ಮಾತಿನಲ್ಲಿ ಅದರ ಹೆಸರಿನಲ್ಲೇ ಕತ್ತೆ ಇದೆ, ಅಂದೆ.
ಅರ್ಧ ದುಡ್ಡು ಎಣಿಸಿದ.
"ಕೆಳಗೆ ದೊಡ್ಡದಾಗಿ ವಾಘ್ ಅಂತ ಬರಿ."
ಬರೆದೆ. ಹಳದಿ ಅಕ್ಷರ, ಕೆಂಪು ನೆರಳು.
ಅಕ್ಷರಕ್ಕೆ ನನ್ನ ಕೈ ಎಂದೂ ಅಳುಕಿದ್ದಿಲ್ಲ.

ಕಣ್ಣು ಮಾತ್ರ ಬಾಕಿ ಇತ್ತು.
ಬಣ್ಣದ ಡಬ್ಬಿ ಮುಚ್ಚಿ, ನನ್ನ ಅನ್ನ ಕಿತ್ತ ಸ್ಟಿಕರಂಗಡಿಯಿಂದ
ಐದು ರೂಪಾಯಿಗೆ ರೇಡಿಯಂ ಚೂರು ತಂದೆ,
ಎರಡು ಗುಂಡು ಕತ್ತರಿಸಿ ಅಂಟಿಸಿದೆ.
ಹಗಲಿಗೆ ಅವು ಏನೂ ಅಲ್ಲ, ಬೂದಿ ಬಣ್ಣದ ಬಿಲ್ಲೆ.

ಕತ್ತಲಾದ ಮೇಲೆ ಮೊಪೆಡ್ಡು ಹೊರಳಿಸುವಾಗ
ಕೆಳಗಿನಿಂದ ಒಂದು ಲಾರಿ ಏದುಸಿರು ಬಿಡುತ್ತ ತಿರುಗಿತು.
ಈ ಸಲ ಟ್ಯಾಂಕಿನಲ್ಲಿ ಪೆಟ್ರೋಲಿತ್ತು.
ಆದರೂ ನಿಂತೆ.