ಅಳತೆ ಪುಸ್ತಕದ ಕೊನೆಯ ಹಾಳೆ

ಎದೆ ಇಪ್ಪತ್ತೊಂಬತ್ತು, ಸೊಂಟ ಹದಿನಾರೂವರೆ.
ಮೂವತ್ತೊಂದು ವರ್ಷದಲ್ಲಿ ನನ್ನ ಟೇಪು
ಇಂಥದೊಂದು ಮೈಯನ್ನು ಸುತ್ತಿ ಬಂದಿರಲಿಲ್ಲ.
ಹೆಸರಿನ ಜಾಗದಲ್ಲಿ ಸೂಜಿ ಎಂದು ಬರೆದೆ.
ಗಿರಾಕಿಯ ಊರು: ಮುಧೋಳ. ಮುಂಗಡ: ಇಲ್ಲ.

ಭಾವಮೈದುನ ಲಾರಿಯಲ್ಲಿ ತಂದದ್ದು,
ಘಟ್ಟದಾಚೆಯಿಂದ, ಈರುಳ್ಳಿ ಚೀಲಗಳ ನಡುವೆ.
ಕಾಲುಗಳು ಮೊದಲು ಇಳಿದವು,
ನಾಯಿ ಆಮೇಲೆ.
ಮೂತಿ ನೋಡಿ ಕ್ಷಮಾ ಹೆಸರಿಟ್ಟಳು.
ದಾರ ಎಲ್ಲಿ ಪೋಣಿಸುವುದು, ಕೇಳಿದೆ ನಾನು.

ಕೋಡಿಬಾಗದ ರಸ್ತೆಯಲ್ಲಿ ಬುಟ್ಟಿ ಇಳಿಸಿ
ದೇಮಕ್ಕ ದಿನವೂ ಬೈಯುತ್ತಾಳೆ:
"ಅಲ್ಲೋ ಟೇಲರಾ, ಇದಕ್ಕೆ ಅನ್ನ ಹಾಕುದಿಲ್ವೇನೋ?
ಪಕ್ಕೆಲುಬು ಎಣಿಸ್ಲಿಕ್ಕೆ ಬರ್ತದೆ!"
ಹಾಕುತ್ತೇವೆ ದೇಮಕ್ಕ. ಅನ್ನ, ಮೊಟ್ಟೆ, ಮುಳ್ಳು ಬಿಡಿಸಿದ ಬಂಗಡೆ.
ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು ಈ ಜಾತಿಗೆ,
ಕಾಣದಿದ್ದರೆ ತಪ್ಪು ನಮ್ಮದು.
ಅವಳು ನಂಬುವುದಿಲ್ಲ. ನಾಲ್ಕು ತಾರ್ಲೆ ಹೆಚ್ಚಿಗೆ ಹಾಕಿ
"ನಿಂಗಲ್ಲ, ಅದಕ್ಕೆ" ಎಂದು ಏಳುತ್ತಾಳೆ.

ಪೇಟೆಯ ಬೆಲ್ಟು ಅವಳಿಗೆ ನಿಲ್ಲಲಿಲ್ಲ.
ಕುತ್ತಿಗೆಗಿಂತ ತಲೆ ಸಣ್ಣ. ಹಿಂದಕ್ಕೊಂದು ಹೆಜ್ಜೆ,
ಬೆಲ್ಟು ನನ್ನ ಕೈಯಲ್ಲಿ, ನಾಯಿ ಕಾಳಿ ಸೇತುವೆಯ ಬುಡದಲ್ಲಿ.
ಯೂನಿಫಾರ್ಮಿನ ಉಳಿದ ಬಟ್ಟೆ ಮಡಚಿ
ನಾಲ್ಕು ಬೆರಳಗಲ ಹೊಲಿದೆ,
ಎಳೆದರೆ ಬಿಗಿಯುವ ಹಾಗೆ, ಬಿಟ್ಟರೆ ಸಡಿಲುವ ಹಾಗೆ.
ಒಳಗೆ ಸ್ಯಾಟಿನ್ ಅಸ್ತರು. ಯಾರ ಮದುವೆಯ ಬ್ಲೌಸಿನದು
ಎಂದು ಹೇಳುವುದಿಲ್ಲ.

ಮನೆಯೊಳಗೆ ಅವಳು ಮಡಿಸಿಟ್ಟ ಬಟ್ಟೆ.
ಬರಿನೆಲಕ್ಕೆ ಮೊಣಕೈ ತರಚುತ್ತದೆಂದು
ಚಿಂದಿ ತುಂಬಿ ಹಾಸಿಗೆ ಮಾಡಿದರೆ
ಅದನ್ನು ಮೂಸಿ, ದಾಟಿ, ವತ್ಸಲೆಯ ಮಂಚ ಹತ್ತುತ್ತಾಳೆ,
ನಾಲ್ಕೂ ಕಾಲು ಮೇಲೆ, ಮಗುಚಿಟ್ಟ ಸ್ಟೂಲು.
ಮೂರು ವರ್ಷದಲ್ಲಿ ಬೊಗಳಿದ್ದು ಆರು ಸಲ.
ಕ್ಷಮಾ ಬಾಗಿಲ ಹಿಂದೆ ತಾರೀಖು ಬರೆದಿಟ್ಟಿದ್ದಾಳೆ.
ಒಂದು, ಹಳೆಯ ಮೆಶಿನ್ನು ಕೊಡುತ್ತೀರಾ ಎಂದು
ಗುಜರಿಯವನು ಕೇಳಿದಾಗ.

ನಿಂತಲ್ಲಿ ಒರಗುವುದು ಅವಳ ಮಾತು.
ಪೆಡಲಿನ ಮೇಲಿನ ನನ್ನ ಕಾಲು ಅವಳಿಗೆ ಗೋಡೆ.
ಹೊಲಿಗೆ ಸೊಟ್ಟಗೆ ಹೋದ ಎರಡು ಶರಟು
ನಾನೇ ತೊಡುತ್ತಿದ್ದೇನೆ.

ಹೋದ ಮಾರ್ಚಿನಲ್ಲಿ ಒಂದು ಬೆಳ್ಳಕ್ಕಿ.
ನನಗೆ ಕಂಡದ್ದು ಬರಿ ಬಿಳಿ ಚುಕ್ಕೆ.
ಅವಳಿಗೆ ರೆಕ್ಕೆ, ಕುತ್ತಿಗೆ, ಹಾರುವ ಮೊದಲಿನ ಆ ಒಂದು ಕ್ಷಣ
ಎಲ್ಲ ಕಂಡಿರಬೇಕು,
ಮುಳ್ಳುತಂತಿ ಮಾತ್ರ ಕಾಣಲಿಲ್ಲ.
ಅಂಗೈಯಗಲ ಹರಿದಿತ್ತು ತೊಡೆಯ ಹತ್ತಿರ,
ಮಲ್ಮಲ್ ಹರಿಯುವ ಹಾಗೆ, ಸದ್ದಿಲ್ಲದೆ.
ಅವಳೂ ಸದ್ದು ಮಾಡಲಿಲ್ಲ.

ಗಾಂವಕರ ಡಾಕ್ಟರು ಎರಡು ಸಲ ತೂಕ ನೋಡಿದರು.
"ಮೈಯಲ್ಲಿ ಕೊಬ್ಬಿಲ್ಲ ಇವಕ್ಕೆ. ಮಂಪರಿನ ಔಷಧ
ಕಣ್ಣಳತೆಯಲ್ಲಿ ಕೊಟ್ಟರೆ ಏಳುವುದಿಲ್ಲ."
ಕರೆಂಟು ಹೋಗಿತ್ತು. ಟಾರ್ಚು ಹಿಡಿದದ್ದು ನಾನು.
ಹನ್ನೊಂದು ಹೊಲಿಗೆ. ಒಂದೊಂದಕ್ಕೂ ಬೇರೆ ದಾರ, ಬೇರೆ ಗಂಟು,
ಒಂದು ಕಿತ್ತರೆ ಉಳಿದ ಹತ್ತು ಹಿಡಿಯಲಿ ಎಂದು.
ನಾವು ಅಂಗಿಯಿಡೀ ಒಂದೇ ಎಳೆಯಲ್ಲಿ ಓಡಿಸುತ್ತೇವೆ.
ಒಂಬತ್ತನೆಯದು ಸ್ವಲ್ಪ ಸೊಟ್ಟ ಎಂದೆ.
"ಬೆಳಕು ಹಿಡೀರಿ ಸಾಕು" ಎಂದರು.
ಆಗ ಗೊತ್ತಾಯಿತು, ಕೈ ನಡುಗುತ್ತಿದ್ದದ್ದು ನನ್ನದು.

ಉದ್ದ ಹಗ್ಗ ಕಟ್ಟಿ ದಂಡೆಯಲ್ಲಿ ಬಿಡಬಾರದಂತೆ,
ಓಟದ ಕೊನೆಗೆ ಕುತ್ತಿಗೆ ಮುರಿಯುತ್ತದಂತೆ.
ಅದಕ್ಕೇ ಭಾನುವಾರ ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನ.
ವಾಚಮನ್ ಬುದ್ದು ಪಾಗಿ ಗೇಟಿಗೆ ಅಗುಳಿ ಹಾಕುತ್ತಾನೆ.
ನಾಲ್ಕು ಕಡೆ ಗೋಡೆ, ಗೋಡೆಯಾಚೆ ಸಮುದ್ರದ ಸದ್ದು.
ಬೆಲ್ಟು ಬಿಚ್ಚುತ್ತೇನೆ.

ಆಮೇಲಿನದಕ್ಕೆ ನನ್ನ ಹತ್ತಿರ ಟೇಪಿಲ್ಲ.
ನಾಲ್ಕೂ ಕಾಲು ಮೈಯಡಿಗೆ ಸೇರುತ್ತವೆ, ಬಿಚ್ಚುತ್ತವೆ,
ನೆಲ ಎಲ್ಲೋ ನಡುವೆ ತಾಗುತ್ತದೆ, ಬೇಕಾದರೆ.
ಬುದ್ದುವಿನ ಬೀಡಿ ಬೆರಳಲ್ಲೇ ಆರುತ್ತದೆ.

ಮೂರೇ ಸುತ್ತು.
ಬಂದು ಒರಗುತ್ತಾಳೆ, ಕಾಲಿಗೆ ಹೃದಯ ಬಡಿಯುವಂತೆ.
ಎದ್ದಿರುತ್ತಾಳೆ ಈಗ ವತ್ಸಲೆ, ಚಾಕ್ಕೆ ಇಟ್ಟಿರುತ್ತಾಳೆ.
ಸೂಜಿಗೆ ಅದು ಗೊತ್ತು. ಗೇಟಿನತ್ತ ಎಳೆಯುತ್ತಾಳೆ:
ಮಂಚ ಖಾಲಿಯಾಗುವ ಹೊತ್ತು.