ಹದಿನೆಂಟು ಕಿಲೋ

ಚೊಂಗ್ಜು ಊರಿನ ಪ್ರಯೋಗಾಲಯದಲ್ಲಿ
ನನ್ನ ಕೆಲಸ ಬಡಿಯುವುದು.
ಗೇಣಗಲದ ಬೂದು ಸ್ಪಂಜಿನ ತುಂಡು,
ಮೇಲೆ ಎಂಟು ಕಿಲೋ ಉಕ್ಕಿನ ಫಲಕ,
ಫಲಕಕ್ಕೆ ಜೇನುಮೇಣದಿಂದ ಅಂಟಿಸಿದ
ಹುಣಸೆಬೀಜದಷ್ಟು ಸಂವೇದಕ.
ಪುಟ್ಟ ಸುತ್ತಿಗೆಯಿಂದ ಒಂದೇ ಏಟು.
ಕೈ ತಡವರಿಸಿ ಎರಡು ಬಿದ್ದರೆ
ಲೆಕ್ಕಕ್ಕಿಲ್ಲ.

ಪರದೆಯ ಮೇಲೆ ಗುಡ್ಡವೊಂದು ಏಳುತ್ತದೆ.
ನೆತ್ತಿ ಎಪ್ಪತ್ತೊಂದರ ಎಡಕ್ಕಿದ್ದರೆ ನೀಲಿ ಮುದ್ರೆ.
ಬಲಕ್ಕೆ ಜಾರಿದರೆ ಲಾರಿಗೆ
ಬಂದ ದಾರಿಗೆ ಸುಂಕವಿಲ್ಲ.

ಅಜ್ಜಿ ಸೋಯಾ ಜಾಡಿ ಕೊಳ್ಳುವಾಗ
ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು,
'ಇದಕ್ಕೆ ಹೊಟ್ಟೆಯೊಳಗೆ ನೋವಿದೆ' ಎಂದು ಬದಿಗಿಡುತ್ತಿದ್ದಳು.
ಕುಂಬಾರ ಗೊಣಗುತ್ತ ಇನ್ನೊಂದು ತರುತ್ತಿದ್ದ.
ನಾನೂ ಅದನ್ನೇ ಮಾಡುತ್ತೇನೆ, ಸಂಬಳಕ್ಕೆ.

ಇಲ್ಲಿ ಮೆತ್ತಗಿದ್ದದ್ದು ಗೆಲ್ಲುತ್ತದೆ.
ಗೆದ್ದದ್ದನ್ನು ಎರಡು ಹಗಲು ಎರಡು ರಾತ್ರಿ
ಒಲೆಯಲ್ಲಿಟ್ಟು ಮತ್ತೆ ಬಡಿಯಬೇಕು;
ನೆಲದಡಿ ಬಿಸಿನೀರು ಹರಿಸಿಕೊಂಡು
ಚಳಿಗಾಲ ಕಳೆಯುವ ಜನ ನಾವು.
ಕೆಲವು ತುಂಡು ಒಲೆಯಿಂದ
ಹಳಸಿದ ರೊಟ್ಟಿಯಾಗಿ ಹೊರಬರುತ್ತವೆ.

ಹನ್ನೆರಡು ವರ್ಷದ ಹಿಂದೆ ಒಂದು ವಾರ
ಒಲೆ ಕೆಟ್ಟಿತ್ತು.
ಹೊರಗೆ ಲಾರಿಗಳು ಕಾಯುತ್ತಿದ್ದವು.
'ಬಡಿದದ್ದು ಸಾಕು, ಒತ್ತಿಬಿಡಿ' ಎಂದರು ಪ್ಯೊನ್ ಸಾಹೇಬರು.
ಒತ್ತಿದೆ.

ಮನೆ ಕೊಂಡ ದಿನ ಕಾಗದದ ಕಟ್ಟಿನಲ್ಲಿ
ಕೊನೆಯ ಹಾಳೆಗೆ ನನ್ನದೇ ಮುದ್ರೆ ಕಂಡು
ಎಷ್ಟು ಹಿಗ್ಗಿದ್ದೆ!
ತಾರೀಕು ನೋಡಿರಲಿಲ್ಲ.

ಮೇಲಿನ ಮನೆಯ ಹಾನ್‌ಗ್ಯೊಲ್‌ಗೆ ಆರು ವರ್ಷ.
ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ
ಅಪ್ಪ ಬರುವ ಹೊತ್ತಿಗೆ ಹನ್ನೊಂದು ಸಲ.
ನನ್ನ ದೀಪದ ಗಾಜು ಕಿಣಿಕಿಣಿಯೆನ್ನುತ್ತದೆ.
ಸುತ್ತಿಗೆ ಬೇಡ, ಪರದೆ ಬೇಡ.
ಗುಡ್ಡ ಎಲ್ಲಿ ಜಾರಿದೆಯೆಂದು
ಮಲಗಿದಲ್ಲೇ ಹೇಳಬಲ್ಲೆ.

ದೂರು ಕೊಟ್ಟವರು ಪಕ್ಕದ ಮನೆಯವರು.
ನಾನೇ ಎಂದುಕೊಂಡು ಅವನ ತಾಯಿ
ನಿನ್ನೆ ಸಂಜೆ ಪರ್ಸಿಮನ್ ಹಣ್ಣಿನ ಪೆಟ್ಟಿಗೆ ಹಿಡಿದು ಬಂದಳು.
ಸೊಂಟ ಬಗ್ಗಿಸಿ ಮೂರು ಸಲ ಕ್ಷಮೆ ಕೇಳಿದಳು.
'ಗದರಿದ್ದೇನೆ. ಇನ್ನು ತುದಿಗಾಲಲ್ಲೇ ನಡೆಯುತ್ತಾನೆ.'
ಅವಳ ಹಿಂದೆ ಅವನು,
ದಪ್ಪ ಚಪ್ಪಲಿಯೊಳಗೆ ಮುಳುಗಿದ ಪಾದ,
ಮೊದಲೇ ತುದಿಗಾಲಲ್ಲಿ.

ತಪ್ಪು ಕಾಲಿನದ್ದಲ್ಲ ಎನ್ನಬೇಕಿತ್ತು.
ಒಲೆಯ ವಿಷಯ ನಾಲಗೆಯ ತುದಿಗೆ ಬಂದು
ಅಲ್ಲೇ ನಿಂತಿತು.
'ಪರವಾಗಿಲ್ಲ' ಎಂದೆ. ದೊಡ್ಡ ಮನಸ್ಸಿನವಳಂತೆ,
ಹಣ್ಣೂ ತೆಗೆದುಕೊಂಡೆ.

ಬಾಗಿಲು ಮುಚ್ಚುವ ಮುನ್ನ
ಹುಡುಗ ನನ್ನನ್ನೇ ನೋಡುತ್ತ
ಮೆಲ್ಲಗೆ ಹೇಳಿದ:
'ನಾನು ಹದಿನೆಂಟೇ ಕಿಲೋ.'